ಮರದ ಏಣಿ–ಜಾರುಬಂಡಿ: ಮೂರು ಮಳೆಗಾಲದ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಮನೆಯಂಗಳದಲ್ಲಿ ಈ ಜಾರುಬಂಡಿ ಮೂರು ಮಳೆಗಾಲ ಕಂಡಿದೆ. ಪೈನ್ ಮರದ್ದು. ಒಂದು ಬದಿ ಏಣಿ, ಇನ್ನೊಂದು ಬದಿ ಹತ್ತಲು ಅಡ್ಡಪಟ್ಟಿ ಬಡಿದ ಓರೆ ಹಲಗೆ, ನಡುವೆ ನಾಲ್ಕಡಿ ಎತ್ತರದ ಅಟ್ಟ, ಅಲ್ಲಿಂದ ಇಳಿಯಲು ಜಾರು. ಬಿಡಿಬಿಡಿಯಾಗಿ ಬಂದದ್ದನ್ನು ಊರಿನ ಆಚಾರಿಯವರು ಜೋಡಿಸಿಕೊಟ್ಟರು.

ಮಕ್ಕಳ ಮಟ್ಟಿಗೆ ಕೊಟ್ಟ ದುಡ್ಡು ಸಾರ್ಥಕ. ಏಣಿಯ ಎರಡನೇ ಮೆಟ್ಟಿಲಲ್ಲೇ ನಿಂತು "ಅಜ್ಜೀ, ಹಿಡ್ಕೊಳ್ಳಿ" ಎನ್ನುತ್ತಿದ್ದ ಚಿಕ್ಕವಳು ಈಗ ಓರೆ ಹಲಗೆಯನ್ನು ಬರಿಗಾಲಲ್ಲಿ ಏರುತ್ತಾಳೆ. ಏಪ್ರಿಲ್ ಬಿಸಿಲಲ್ಲೂ ತಗಡಿನದ್ದರ ಹಾಗೆ ತೊಡೆ ಸುಡುವುದಿಲ್ಲ. ಸಿಬಿರು ಎದ್ದಿದೆಯೇ ಎಂದು ಆಗಾಗ ಕೈಯಾಡಿಸಿ ನೋಡಿ, ಸ್ಯಾಂಡ್ ಪೇಪರ್ ಉಜ್ಜಬೇಕು, ಅಷ್ಟೆ. ಹುಳ ಹಿಡಿಯದಂತೆ ಮರಕ್ಕೆ ಹಾಕಿದ ಮದ್ದಿನಲ್ಲಿ ಆರ್ಸೆನಿಕ್ ಎಂಬ ವಿಷ ಇಲ್ಲವೆಂದು ಮೊದಲೇ ಬರೆಸಿಕೊಂಡಿದ್ದೆ.

ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ ಕಂಬಿಗಳ ಸಂದು 3.5 ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವೇ 9 ಇಂಚಿಗಿಂತ ಹೆಚ್ಚಿರಬೇಕು. ನಡುವಿನ ಅಳತೆಯಾದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಜಾರುವ ಇಳಿಜಾರು ಸರಾಸರಿ 30 ಡಿಗ್ರಿ ಮೀರಬಾರದು. ಟೇಪು ಹಿಡಿದು ನೋಡಿದೆ, ಎರಡೂ ಸರಿ ಇವೆ.

ತೊಂದರೆ ಕೊಟ್ಟದ್ದು ಬೋಲ್ಟು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಗೆ ಲೇಪ ಬಳಿದ ಕಬ್ಬಿಣ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಮೊದಲ ಆಟಿಯಲ್ಲೇ (ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು) ತುಕ್ಕು ಇಳಿದು ಸುತ್ತಲ ಮರ ಕಪ್ಪಾಯಿತು. ಕಂಪನಿಗೆ ಫೋಟೋ ಕಳಿಸಿದರೂ ಉತ್ತರ ಬರಲಿಲ್ಲ. ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿದ ಮೇಲೆ ನೆಮ್ಮದಿ. ಮಳೆಗೆ ಉಬ್ಬಿದ ಮರ ಬೇಸಗೆಯಲ್ಲಿ ಕುಗ್ಗುವಾಗ ನಟ್ಟು ಸಡಿಲವಾಗುತ್ತದೆ. ಡಿಸೆಂಬರಿನಲ್ಲಿ ಒಮ್ಮೆ ಸ್ಪ್ಯಾನರ್ ಹಾಕಲೇಬೇಕು. ಮೆಟ್ಟಿಲಿನ ಹಾವಸೆಗೆ ತೆಂಗಿನ ಸಿಪ್ಪೆಯಲ್ಲಿ ಉಜ್ಜುವುದೇ ಸಾಕು.

ಕಾಲುಗಳನ್ನು ಮಣ್ಣಿಗೆ ತಾಗಿಸದೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಮೇಲೆ ಕೂರಿಸಿದ್ದೇವೆ, ಗೆದ್ದಲು ಹತ್ತಿಲ್ಲ. ಗೇರುಸಿಪ್ಪೆಯ ಎಣ್ಣೆ ಬಳಿಯಿರಿ ಎಂದು ಹಲವರು ಹೇಳಿದರು. ಹಸಿ ಎಣ್ಣೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಮಕ್ಕಳು ಮುಟ್ಟುವಲ್ಲಿ ಅದು ಬೇಡವೇ ಬೇಡ.

ಕಂಪನಿಯ ಕಾಗದದಲ್ಲಿ ನೆಲದ ಬಗ್ಗೆ ಒಂದಕ್ಷರವೂ ಇಲ್ಲ. ನಮ್ಮ ಅಂಗಳ ಗಟ್ಟಿ ಮುರ. ನಾಲ್ಕಡಿಯಿಂದ ಬೀಳುವ ಮಗುವಿಗೆ 9 ಇಂಚು ಮರಳು ಬೇಕು, ಸುತ್ತ ಆರಡಿ ಜಾಗ ಖಾಲಿ ಇರಬೇಕು. ಮಳೆಗೆ ಮರಳು ಕೊಚ್ಚಿಹೋಗದಂತೆ ಅಡಿಕೆ ಮರದ ಸೀಳುಗಳ ಕಟ್ಟೆ ಕಟ್ಟಿದ್ದೇವೆ. ಸಿಮೆಂಟು ಅಂಗಳ ಮಾತ್ರ ಇರುವವರು ದಯವಿಟ್ಟು ಇದನ್ನು ತರಿಸಬೇಡಿ.