ಪಾಯಿಂಟ್ ಟೇಬಲ್ಲೋ, ಪ್ಲೇಆಫೋ? ಎರಡನ್ನೂ ಕಂಡ ಬಿಎಫ್‌ಸಿ ಅಭಿಮಾನಿಯ ಹೋಲಿಕೆ

ಲೀಗ್‌ನಲ್ಲಿ ಜಾಸ್ತಿ ಪಾಯಿಂಟ್ ಮಾಡಿದವರನ್ನೇ ಚಾಂಪಿಯನ್ ಅನ್ನಬೇಕಾ, ಇಲ್ಲಾ ಕೊನೆಗೆ ಪ್ಲೇಆಫ್ ಆಡಿಸಿ ಫೈನಲ್ ಗೆದ್ದವರ ಕೈಗೆ ಕಪ್ ಕೊಡಬೇಕಾ? ಭಾರತದ ಫುಟ್‌ಬಾಲ್ ನೋಡುವವರ ನಡುವೆ ಈ ಜಗಳ ಮುಗಿಯುವುದೇ ಇಲ್ಲ. ಯುರೋಪಿನ ಲೀಗ್‌ಗಳನ್ನು ಟಿವಿಯಲ್ಲಿ ನೋಡಿ ಬೆಳೆದವರು ಟೇಬಲ್ ಅನ್ನುತ್ತಾರೆ. ಐಪಿಎಲ್ ರೂಢಿಯಾದವರು ಫೈನಲ್ ಇಲ್ಲದ ಟೂರ್ನಿ ಅದೇನು ಟೂರ್ನಿ ಅನ್ನುತ್ತಾರೆ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಬೆಂಬಲಿಗರಿಗೆ ಇದರಲ್ಲಿ ಒಂದು ಅನುಕೂಲ ಇದೆ. ನಾವು ಎರಡನ್ನೂ ಒಂದೇ ತಂಡದ ಜೊತೆ ಅನುಭವಿಸಿದ್ದೇವೆ. 2013ರಿಂದ 2017ರವರೆಗೆ ಟೇಬಲ್ ಪದ್ಧತಿಯ ಐ-ಲೀಗ್, ಆಮೇಲೆ ಪ್ಲೇಆಫ್ ಇದ್ದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). ಎರಡೂ ಕಡೆ ಗೆದ್ದಿದ್ದೇವೆ. ಎರಡೂ ಕಡೆ ಕಂಠೀರವದಲ್ಲೇ, ನಮ್ಮ ಕಣ್ಣೆದುರೇ, ಪ್ರಶಸ್ತಿ ಕಳೆದುಕೊಂಡಿದ್ದೇವೆ.

ಕಳೆದುಕೊಂಡ ಕಥೆಯಿಂದಲೇ ಶುರು ಮಾಡುತ್ತೇನೆ. ಗೆದ್ದಾಗ ಯಾವ ನಿಯಮವಾದರೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

2015ರ ಮೇ 31. ಐ-ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಗಾನ್. ಅವರದು 38 ಪಾಯಿಂಟ್, ನಮ್ಮದು 36. ನಮಗೆ ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಮಳೆ ಬಿಡದೆ ಹೊಡೆಯುತ್ತಿತ್ತು. ನಮ್ಮ ಜಾನ್ ಜಾನ್ಸನ್ ಮೊದಲಾರ್ಧದಲ್ಲಿ ಗೋಲ್ ಹಾಕಿದ. ಆಮೇಲೆ ಗಡಿಯಾರ ನೋಡುವುದೇ ಕೆಲಸ. 87ನೇ ನಿಮಿಷದಲ್ಲಿ ಅವರಿಗೊಂದು ಕಾರ್ನರ್ ಸಿಕ್ಕಿತು, ಬೆಲ್ಲೊ ರಜಾಕ್ ತಲೆ ಕೊಟ್ಟ. ಕಂಠೀರವದಲ್ಲಿ ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಆ ದೂರಕ್ಕೆ, ಆ ಮಳೆಯಲ್ಲಿ, ಚೆಂಡು ಒಳಗೆ ಹೋಯಿತೋ ಇಲ್ಲವೋ ನನಗೆ ಕಾಣಲಿಲ್ಲ. ಕೋಲ್ಕತ್ತದಿಂದ ಬಂದಿದ್ದವರು ಕುಣಿಯತೊಡಗಿದಾಗ ಗೊತ್ತಾಯಿತು. 1-1. ಹದಿಮೂರು ವರ್ಷದ ನಂತರ ಬಗಾನ್ ರಾಷ್ಟ್ರೀಯ ಲೀಗ್ ಗೆದ್ದಿತು.

2018ರ ಮಾರ್ಚ್ 17. ಐಎಸ್‌ಎಲ್‌ನಲ್ಲಿ ನಮ್ಮ ಮೊದಲ ವರ್ಷ, ಅದೇ ಮೈದಾನದಲ್ಲಿ ಫೈನಲ್. ಲೀಗ್‌ನಲ್ಲಿ ನಾವು 18 ಪಂದ್ಯಕ್ಕೆ 40 ಪಾಯಿಂಟ್ ಮಾಡಿದ್ದೆವು. ಎರಡನೇ ಸ್ಥಾನದ ಚೆನ್ನೈಯಿನ್ 32. ಎಂಟು ಪಾಯಿಂಟ್ ಹಿಂದೆ! ಸುನಿಲ್ ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲ್ ಹಾಕಿದಾಗ ಎಲ್ಲ ಮುಗಿಯಿತು ಅಂದುಕೊಂಡೆವು. ಆಮೇಲೆ ಎದುರಾಳಿ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಒಂದು ಹೆಡರ್, ಮತ್ತೆ ಕಾರ್ನರ್‌ನಿಂದ ಇನ್ನೊಂದು ಹೆಡರ್. ಮೂರನೆಯದು ರಾಫೆಲ್ ಅಗಸ್ಟೊನದು. ನಮ್ಮ ವಿದೇಶಿ ಸ್ಟ್ರೈಕರ್ ಮಿಕು ಇಂಜುರಿ ಟೈಮ್‌ನಲ್ಲಿ ಒಂದು ಹಿಂತಿರುಗಿಸಿದ, ಅಷ್ಟೇ. 2-3.

ಎರಡೂ ಸಂಜೆ ಮನಸ್ಸು ಒಂದೇ ಥರ ಕೆಟ್ಟಿತು. ಆದರೆ ಮರುದಿನದ ಲೆಕ್ಕ ಬೇರೆ. 2015ರಲ್ಲಿ ಬೈಯಲು ಯಾರೂ ಸಿಗಲಿಲ್ಲ. ವರ್ಷದಲ್ಲಿ ಎಲ್ಲೋ ಬಿಟ್ಟುಕೊಟ್ಟ ಪಾಯಿಂಟ್‌ಗಳಿಂದಲೇ ನಾವು ಆ ಪಂದ್ಯಕ್ಕೆ ಹಿಂದೆ ಬಿದ್ದು ಬಂದಿದ್ದೆವು. 20 ಪಂದ್ಯಕ್ಕೆ ಅವರು 39, ನಾವು 37. ಅವರೇ ಎರಡು ಪಾಯಿಂಟ್ ವಾಸಿ, ಮುಗಿಯಿತು. 2018ರಲ್ಲಿ ಹಾಗೆ ಹೇಳಲು ಬಾಯಿ ಬರಲಿಲ್ಲ. ನಾಲ್ಕು ತಿಂಗಳು ಎಲ್ಲರಿಗಿಂತ ಚೆನ್ನಾಗಿ ಆಡಿದ ತಂಡಕ್ಕೆ, ಎರಡು ಕಾರ್ನರ್‌ಗಳಲ್ಲಿ ಮಾರ್ಕಿಂಗ್ ತಪ್ಪಿದ್ದಕ್ಕೆ, ಸಿಕ್ಕಿದ್ದು ರನ್ನರ್‌ ಅಪ್ ಪದಕ. ಆಗ ಶೀಲ್ಡ್ ಕೂಡ ಇರಲಿಲ್ಲ. ಟೇಬಲ್‌ನಲ್ಲಿ ಮೊದಲಿಗರಿಗೆ ಶೀಲ್ಡ್ ಕೊಡುವುದು ಶುರುವಾಗಿದ್ದು 2019-20ರಲ್ಲಿ.

ಇದಕ್ಕೆ ತದ್ವಿರುದ್ಧದ್ದು 2016. ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0 ಗೆದ್ದು, ಒಂದು ಪಂದ್ಯ ಬಾಕಿ ಇರುವಾಗಲೇ ಐ-ಲೀಗ್ ನಮ್ಮದಾಯಿತು. ಆ ಬಾಕಿ ಪಂದ್ಯದಲ್ಲಿ ಇದೇ ಬಗಾನ್ ನಮಗೆ ಐದು ಗೋಲ್ ಹಾಕಿತು. 0-5! ನಾವು ಆಗಲೂ ಚಾಂಪಿಯನ್ನೇ. ಟೇಬಲ್ ಪದ್ಧತಿಯಲ್ಲಿ ನನಗೆ ಇಷ್ಟವಾಗುವುದೇ ಇದು. ಒಂದು ದಿನ ಏನೇ ಎಡವಟ್ಟಾದರೂ ಇಡೀ ವರ್ಷದ ದುಡಿಮೆ ಹಾಳಾಗುವುದಿಲ್ಲ.

ಹಾಗಂತ ಟೇಬಲ್ಲೇ ಎಲ್ಲ ರೀತಿಯಲ್ಲೂ ಮೇಲು ಅಂದರೆ ಅದು ಸುಳ್ಳು. ಪ್ಲೇಆಫ್‌ನ ರುಚಿ ಗೊತ್ತಾಗಿದ್ದು 2022-23ರಲ್ಲಿ. ಅರ್ಧ ಸೀಸನ್ ಮುಗಿದರೂ ತಂಡ ಕೆಳಗೇ ಕೂತಿತ್ತು. ಬರೀ ಟೇಬಲ್ ಆಗಿದ್ದರೆ ಸಂಕ್ರಾಂತಿ ಹೊತ್ತಿಗೆ ನಾನು ಟಿಕೆಟ್ ತೆಗೆಯುವುದನ್ನೇ ಬಿಡುತ್ತಿದ್ದೆ. ಆದರೆ ಆ ವರ್ಷದಿಂದ ಆರು ತಂಡಕ್ಕೆ ಪ್ಲೇಆಫ್ ಬಾಗಿಲು ತೆರೆದಿತ್ತು. ಮೊದಲ ಎರಡು ತಂಡ ನೇರ ಸೆಮಿಫೈನಲ್‌ಗೆ, ಮೂರರಿಂದ ಆರರವರೆಗಿನವರಿಗೆ ಒಂದೊಂದು ನಾಕೌಟ್. ಆ ಆಸೆಯಲ್ಲೇ ನಮ್ಮವರು ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದರು. ಪ್ರತಿ ವಾರ ಕಂಠೀರವದಲ್ಲಿ ಜನ ಜಾಸ್ತಿಯಾಗುತ್ತಾ ಹೋದರು. ಕಟ್ಟಾ ಅಭಿಮಾನಿಗಳ ವೆಸ್ಟ್ ಬ್ಲಾಕ್ ಸ್ಟ್ಯಾಂಡಿನ ಡ್ರಮ್ಮು ಮೊದಲ ನಿಮಿಷದಿಂದ ಕೊನೆಯವರೆಗೆ ನಿಲ್ಲುತ್ತಿರಲಿಲ್ಲ.

ಆಮೇಲೆ ಬಂತು ಆ ಮಾರ್ಚ್ 3. ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್. 90 ನಿಮಿಷ 0-0. ಎಕ್ಸ್‌ಟ್ರಾ ಟೈಮ್‌ನಲ್ಲಿ ಬಾಕ್ಸ್ ಪಕ್ಕದಲ್ಲೇ ನಮಗೆ ಫ್ರೀ ಕಿಕ್ ಸಿಕ್ಕಿತು. ಅವರ ಗೋಲ್‌ಕೀಪರ್ ಇನ್ನೂ ಚೆಂಡಿಗೆ ಅಡ್ಡಲಾಗಿ ಆಟಗಾರರ ಗೋಡೆ ನಿಲ್ಲಿಸುತ್ತಿದ್ದ. ಛೆಟ್ರಿ ಕಾಯಲಿಲ್ಲ, ಸುಮ್ನೆ ಚೆಂಡನ್ನು ಖಾಲಿ ಮೂಲೆಗೆ ಎತ್ತಿ ಹಾಕಿದ. ರೆಫರಿ ಗೋಲ್ ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಹೊರಗೆ ನಡೆದರು. ಅವರು ವಾಪಸ್ ಬರಲೇ ಇಲ್ಲ. ಪಂದ್ಯ ನಮ್ಮದು ಅಂತ ಘೋಷಣೆಯಾಗುವವರೆಗೆ ಸ್ಟ್ಯಾಂಡಿನಲ್ಲಿ ಯಾರಿಗೂ ಏನೂ ತಿಳಿಯದು. ಎಲ್ಲರೂ ಮೊಬೈಲ್ ನೋಡುತ್ತಾ ಪಕ್ಕದವರನ್ನು ಕೇಳುತ್ತಾ ನಿಂತಿದ್ದೆವು. ಕೊನೆಗೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ.

ನಿಯಮದ ಪ್ರಕಾರ ಗೋಲ್ ಸರಿ ಅನ್ನುವುದೇ ನನ್ನ ಮಾತು. ಫ್ರೀ ಕಿಕ್ ಸಿಕ್ಕ ತಂಡ ಬೇಗ ಒದೆಯಬಹುದು. ಗೋಡೆ ನಿಲ್ಲಿಸಲು ಎದುರಾಳಿಗೆ ಟೈಮ್ ಕೊಡಬೇಕು ಅಂತ ಎಲ್ಲೂ ಇಲ್ಲ. ರೆಫರಿ ‘ಸೀಟಿ ಊದುವವರೆಗೆ ನಿಲ್ಲು’ ಅಂತ ಹೇಳಿದ್ದರೆ ಮಾತ್ರ ಕಾಯಬೇಕು. ಹೇಳಿದ್ದರಾ ಇಲ್ಲವಾ ಅನ್ನುವುದರ ಮೇಲೇ ಇವತ್ತಿಗೂ ಬೆಂಗಳೂರಿನ ಮಲಯಾಳಿ ಗೆಳೆಯರ ಜೊತೆ ನನ್ನ ವಾದ ನಡೆಯುತ್ತದೆ. ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ಇದ್ದಿದ್ದರೆ ಕನಿಷ್ಠ ಮೈದಾನದಲ್ಲಾದರೂ ಜಗಳ ತಣ್ಣಗಾಗುತ್ತಿತ್ತೇನೋ. ಆದರೆ ಒಂದು ಮಾತು ಒಪ್ಪಲೇಬೇಕು. ಇದೇ ಗೋಲ್ ನವೆಂಬರ್‌ನ ಯಾವುದೋ ಲೀಗ್ ಪಂದ್ಯದಲ್ಲಿ ಆಗಿದ್ದರೆ ಯಾರೂ ಮೈದಾನ ಬಿಟ್ಟು ಹೋಗುತ್ತಿರಲಿಲ್ಲ. ಹೋದರೆ ಎರಡು ಪಾಯಿಂಟ್ ಹೋಯಿತು ಅಂತ ಗೊಣಗಿ ಆಟ ಮುಂದುವರಿಸುತ್ತಿದ್ದರು. ಇಡೀ ಸೀಸನ್ ಒಂದೇ ಒದೆತದ ಮೇಲೆ ನಿಂತಾಗ ತಲೆ ಕೆಡುತ್ತದೆ. ಟಿವಿಯವರಿಗೆ ಬೇಕಾಗಿರುವುದೂ ಅದೇ.

ಮುಂದೆ ಸೆಮಿಯಲ್ಲಿ ಟೇಬಲ್‌ನ ಮೊದಲ ತಂಡ ಮುಂಬೈ ಸಿಟಿಯನ್ನು ಪೆನಾಲ್ಟಿಯಲ್ಲಿ 9-8ರಿಂದ ಹೊರಗೆ ಹಾಕಿದೆವು. ಅವರದು 46 ಪಾಯಿಂಟ್, ನಮ್ಮದು 34. ಐದು ವರ್ಷದ ಹಿಂದೆ ನಮಗಾದ ಅನ್ಯಾಯವನ್ನೇ ನಾವು ಮುಂಬೈಯವರಿಗೆ ಮಾಡಿದೆವು, ಅದೂ ಖುಷಿಖುಷಿಯಾಗಿ. ಫೈನಲ್‌ನಲ್ಲಿ ಮತ್ತೆ ಬಗಾನ್ ಎದುರು ಪೆನಾಲ್ಟಿಯಲ್ಲೇ ಸೋತಿದ್ದು ಬೇರೆ ಮಾತು.

ಪದ್ಧತಿ ಬದಲಾದರೆ ತಂಡ ಕಟ್ಟುವ ರೀತಿಯೂ ಬದಲಾಗುತ್ತದೆ. ಐ-ಲೀಗ್ ದಿನಗಳಲ್ಲಿ ಕೋಚ್ ಆಶ್ಲಿ ವೆಸ್ಟ್‌ವುಡ್ ಕಟ್ಟಿದ್ದು ದಣಿವರಿಯದ ತಂಡ. ಚೆಂದಕ್ಕಿಂತ ಓಟ ಮುಖ್ಯ. ಮೊದಲ ವರ್ಷ ಕಂಠೀರವ ಕೂಡ ಇರಲಿಲ್ಲ, ಗರುಡಾ ಮಾಲ್ ಹತ್ತಿರದ ಚಿಕ್ಕ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ, ಮೊದಲ ಪ್ರಯತ್ನದಲ್ಲೇ ಲೀಗ್ ಗೆದ್ದರು. ಅಲ್ಲಿ ಮೈದಾನ ಎಷ್ಟು ಹತ್ತಿರ ಅಂದರೆ ಡಿಫೆಂಡರ್‌ಗಳು ಒಬ್ಬರಿಗೊಬ್ಬರು ಕೂಗುವುದು ಗ್ಯಾಲರಿಗೆ ಕೇಳುತ್ತಿತ್ತು. ನಾಲ್ಕು ವಿದೇಶಿಯರು ಮಾತ್ರ, ಅದರಲ್ಲಿ ಒಬ್ಬ ಏಷ್ಯಾದವನೇ ಆಗಬೇಕು. ಹಾಗಾಗಿ ಯುಜೀನ್‌ಸನ್ ಲಿಂಗ್ಡೊ, ಸಿ.ಕೆ. ವಿನೀತ್, ಉದಾಂತ ಸಿಂಗ್ ಅಂಥವರ ಮೇಲೆ ಭಾರ ಬಿತ್ತು. ಅವರು ಹೊತ್ತರು ಕೂಡ.

ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದ ಮೇಲೆ ಆಟ ಪಾಸಿಂಗ್ ಕಡೆ ತಿರುಗಿತು. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಸೆಮಿಯಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದ್ದು ನಾನು ಕಣ್ಣಾರೆ ಕಂಡ ಅತ್ಯುತ್ತಮ ಬಿಎಫ್‌ಸಿ ಆಟ. ಐಎಸ್‌ಎಲ್‌ಗೆ ಬಂದ ವರ್ಷ ಮೈದಾನದಲ್ಲಿ ಐದು ವಿದೇಶಿಯರಿಗೆ ಅವಕಾಶ ಇತ್ತು. ಮಿಕು 15 ಗೋಲ್ ಹೊಡೆದ, ಛೆಟ್ರಿ 14. ನೋಡಲು ಹಬ್ಬ. ಆದರೆ ಛೆಟ್ರಿ ರೆಕ್ಕೆಯ ಕಡೆಗೆ ಸರಿದು ಮಧ್ಯದ ಜಾಗ ವಿದೇಶಿ ಸ್ಟ್ರೈಕರ್‌ಗೆ ಹೋಯಿತು. ಬಹುತೇಕ ತಂಡಗಳಲ್ಲಿ ಇದೇ ಕಥೆ. ಭಾರತ ತಂಡಕ್ಕೆ ಒಂಬತ್ತನೇ ನಂಬರಿನ ಆಟಗಾರ, ಅಂದರೆ ಮಧ್ಯದ ಸ್ಟ್ರೈಕರ್, ಸಿಗುತ್ತಿಲ್ಲ ಅಂತ ಆಮೇಲೆ ಅತ್ತರೆ ಏನು ಬಂತು? 2021-22ರಿಂದ ವಿದೇಶಿಯರ ಸಂಖ್ಯೆಯನ್ನು ನಾಲ್ಕಕ್ಕೆ ಇಳಿಸಿದ್ದು ಒಳ್ಳೆಯದೇ. ನನ್ನ ಕೇಳಿದರೆ ಮೂರು ಸಾಕು.

ಕೋಚ್ ಕಾರ್ಲ್ಸ್ ಕ್ವಾಡ್ರಾಟ್ ಅವರನ್ನು ಜನ ಬೇಗ ಮರೆಯುತ್ತಾರೆ. ನಮಗೆ ಐಎಸ್‌ಎಲ್ ಕಪ್ ತಂದುಕೊಟ್ಟವರು ಅವರೊಬ್ಬರೇ. 2019ರ ಫೈನಲ್, ಮುಂಬೈ, ಗೋವಾ ಎದುರು 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್‌ಗೆ ರಾಹುಲ್ ಭೆಕೆ ಹೆಡರ್. ಕಾರ್ನರ್, ಫ್ರೀ ಕಿಕ್‌ಗಳನ್ನು ಗಂಟೆಗಟ್ಟಲೆ ಅಭ್ಯಾಸ ಮಾಡಿಸುವ ಕೋಚ್ ಪ್ಲೇಆಫ್‌ಗೆ ಹೇಳಿ ಮಾಡಿಸಿದಂತೆ. ಬಿಗಿ ಪಂದ್ಯದಲ್ಲಿ ಒಂದು ಗೋಲ್ ಸಾಕಲ್ಲ. ಆದರೆ ಮಿಕು ಹೋದ ಮೇಲೆ ಅಂಥ ಸ್ಟ್ರೈಕರ್‌ನನ್ನು ತರಲಿಲ್ಲ. ಬರೀ ಕಾರ್ನರ್ ನಂಬಿ ಇಡೀ ಲೀಗ್ ದಾಟಲು ಆಗುವುದಿಲ್ಲ ಅನ್ನುವುದು ಮುಂದಿನ ಎರಡು ವರ್ಷದಲ್ಲಿ ಕಂಡಿತು.

ಟೇಬಲ್‌ನ ಕೊನೆಗೆ ಬಿದ್ದರೆ ಕೆಳಗಿನ ಲೀಗ್‌ಗೆ ಇಳಿಯುವ ಭಯದ ವಿಚಾರದಲ್ಲಿ ಹಳೆಯ ಐ-ಲೀಗ್‌ಗೇ ನನ್ನ ಮತ. 2017ರಲ್ಲಿ ಐಜಾಲ್ ಲೀಗ್ ಗೆದ್ದಿತು. ಅದರ ಹಿಂದಿನ ವರ್ಷ ಅದೇ ತಂಡ ಕೆಳಗಿಳಿದಿತ್ತು, ಗೋವಾ ಕ್ಲಬ್‌ಗಳು ಹೊರನಡೆದಿದ್ದಕ್ಕೆ ಮತ್ತೆ ಒಳಗೆ ಬಂದಿತ್ತು. ಅಂಥ ಕಥೆಗೆ ಐಎಸ್‌ಎಲ್‌ನಲ್ಲಿ ಜಾಗವೇ ಇರಲಿಲ್ಲ. 2023-24ರಲ್ಲಿ ಹೈದರಾಬಾದ್ ಇಡೀ ಸೀಸನ್‌ಗೆ ಒಂದೇ ಪಂದ್ಯ ಗೆದ್ದು 8 ಪಾಯಿಂಟ್ ಮಾಡಿತು, ಮುಂದಿನ ವರ್ಷವೂ ಅಲ್ಲೇ ಆಡಿತು. ಪಂಜಾಬ್ ಮತ್ತು ಮೊಹಮಡನ್ ಆಗ ಎರಡನೇ ದರ್ಜೆಯಾಗಿದ್ದ ಐ-ಲೀಗ್‌ನಿಂದ ಮೇಲೆ ಬಂದವು ಸರಿ, ಆದರೆ ಮೇಲಿನಿಂದ ಯಾರೂ ಇಳಿಯಲಿಲ್ಲ. ಅದೇ ಹೊತ್ತಿಗೆ ನಮ್ಮೂರಿನ ಇನ್ನೊಂದು ಕ್ಲಬ್ ಎಸ್‌ಸಿ ಬೆಂಗಳೂರು ಕಷ್ಟಪಟ್ಟು ಐ-ಲೀಗ್‌ಗೆ ಏರಿ, ಒಂದೇ ವರ್ಷಕ್ಕೆ ಕೆಳಗಿಳಿಯಿತು. ಬಡವರಿಗೊಂದು ನಿಯಮ, ದುಡ್ಡಿದ್ದವರಿಗೆ ಇನ್ನೊಂದು.

ಇನ್ನು 2025. ಲೀಗ್‌ನಲ್ಲಿ ಮೂರನೇ ಸ್ಥಾನ, ನಾಕೌಟ್‌ನಲ್ಲಿ ಮುಂಬೈಗೆ ಐದು ಗೋಲ್, ಸೆಮಿಯಲ್ಲಿ ಗೋವಾ ಮೈದಾನದಲ್ಲಿ ಇಂಜುರಿ ಟೈಮ್‌ಗೆ ಛೆಟ್ರಿ ಹೆಡರ್. ನಲವತ್ತು ವರ್ಷದವನಿಗೆ ಇನ್ನೊಂದು ಸೀಸನ್ ಕೊಟ್ಟಿದ್ದು ಭಾವುಕ ನಿರ್ಧಾರ ಅಂತ ಮೂಗು ಮುರಿದವರು ಬಹಳ. ಆ ಸೀಸನ್‌ನಲ್ಲಿ ಅವನದು 14 ಗೋಲ್, ಭಾರತೀಯರಲ್ಲಿ ಅವನೇ ಮೊದಲು. ಫೈನಲ್ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಬಗಾನ್ ಮನೆಯಲ್ಲಿ. ಅವರ 56 ಪಾಯಿಂಟ್‌ಗೆ ನಮ್ಮದು 38. ನಾವೇ ಮೊದಲು ಮುಂದೆ ಹೋದೆವು, ಅವರು ಪೆನಾಲ್ಟಿಯಿಂದ ಸಮ ಮಾಡಿದರು. ಎಕ್ಸ್‌ಟ್ರಾ ಟೈಮ್‌ನಲ್ಲಿ ಜೇಮಿ ಮ್ಯಾಕ್ಲಾರೆನ್ ಗೆಲುವಿನ ಗೋಲ್ ಹಾಕಿದಾಗ ಟಿವಿ ಆರಿಸಿಬಿಟ್ಟೆ. ಆದರೂ ಹದಿನೆಂಟು ಪಾಯಿಂಟ್ ಹಿಂದಿದ್ದ ನಾವು ಅವತ್ತು ಗೆದ್ದು ‘ಭಾರತದ ಚಾಂಪಿಯನ್’ ಅಂತ ಮೆರೆದಿದ್ದರೆ 2018ರ ನನ್ನ ಗೊಣಗಾಟಕ್ಕೆ ಏನು ಬೆಲೆ?

ಪ್ಲೇಆಫ್ ತೆಗೆದುಹಾಕಿ ಅನ್ನುವುದಿಲ್ಲ. ಮಾರ್ಚ್‌ನ ಆ ರಾತ್ರಿಗಳು ಇಲ್ಲದಿದ್ದರೆ ಅರ್ಧ ಕಂಠೀರವ ಖಾಲಿ. ಅದನ್ನು ಬೇರೆ ಕಪ್ ಅಂತ ಆಡಿಸಲಿ. ಶೀಲ್ಡ್ ಗೆದ್ದವರಿಗೆ ಏಷ್ಯಾದ ಕ್ಲಬ್ ಟೂರ್ನಿಗೆ ಟಿಕೆಟ್ ಕೊಟ್ಟಾಗ ಲೀಗ್‌ನವರೂ ಅರ್ಧ ಒಪ್ಪಿದಂತಾಯಿತು. ಉಳಿದರ್ಧ ದುಡ್ಡಿನಲ್ಲಿದೆ. 2021-22ರಲ್ಲಿ ನಿಗದಿ ಮಾಡಿದ ಲೆಕ್ಕದಲ್ಲಿ ಇಡೀ ಲೀಗ್ ಗೆದ್ದ ಶೀಲ್ಡ್‌ಗೆ 3.5 ಕೋಟಿ, ಕೆಲವೇ ಪಂದ್ಯದ ಕಪ್‌ಗೆ 6 ಕೋಟಿ. ಆ ಎರಡು ಚೆಕ್‌ಗಳನ್ನು ಅದಲು ಬದಲು ಮಾಡಿದರೆ ನನ್ನ ತಕರಾರು ಮುಗಿಯಿತು.