ತುಮಕೂರು–ಬೆಂಗಳೂರು ರೈಲಿನಲ್ಲಿ ‘ಗರ್ಭಿಣಿ ತಂಗಿ ಬರುತ್ತಿದ್ದಾಳೆ’ ಎಂದರೆ, ಆಕೆ ಕಣ್ಣಿಗೆ ಬೀಳುವವರೆಗೆ ಸೀಟು ಬಿಡಬೇಡಿ

ಬೆಳಗಿನ ಹೊತ್ತು ತುಮಕೂರಿನಲ್ಲಿ ಜನರಲ್ ಬೋಗಿ ಹತ್ತುವವರು, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು ನಮಗೆಲ್ಲ ಗೊತ್ತಿರುವ ವಿಚಾರ. ಆದರೆ ಕೂತವರನ್ನೇ ಸುಳ್ಳು ಹೇಳಿ ಎಬ್ಬಿಸುವುದನ್ನು ನಾನು ಈ ವಾರವಷ್ಟೇ ಕಂಡೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದ ನನ್ನ ತಾಯಿಯನ್ನು ಮರುತಪಾಸಣೆಗೆಂದು ಬೆಂಗಳೂರಿಗೆ ಕರೆದೊಯ್ಯುತ್ತಿದ್ದೆ. ನೂಕುನುಗ್ಗಲಿನಲ್ಲಿ ಹತ್ತಿ ಅಮ್ಮನಿಗೆ ಕಿಟಕಿಯ ಬಳಿ, ನನಗೆ ಅವರ ಪಕ್ಕದಲ್ಲಿ ಜಾಗ ಸಿಕ್ಕಿತ್ತು. ಆಗ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ಬಂದು, ತಮ್ಮ ತಂಗಿ ಏಳು ತಿಂಗಳ ಗರ್ಭಿಣಿಯೆಂದೂ, ಮೆಟ್ಟಿಲಿಳಿದು ನಿಧಾನವಾಗಿ ಬರುತ್ತಿದ್ದಾಳೆಂದೂ, ಕಾಲು ಚಾಚದಿದ್ದರೆ ಅವಳಿಗೆ ಊತ ಬರುತ್ತದೆಂದೂ ಬಹಳ ದೈನ್ಯದಿಂದ ಕೇಳಿಕೊಂಡರು. ‘ಪಾಪ, ಬಸುರಿ ಹೆಂಗಸು’ ಎಂದು ಅಮ್ಮನೇ ಮೊದಲು ಎದ್ದು ಬೆಂಚಿನ ತುದಿಗೆ ಸರಿದರು. ನಾನು ಎದ್ದು ನಿಂತೆ. ಆ ಮಹಿಳೆ ಕಿಟಕಿಯ ಪಕ್ಕ ತಾವು ಕುಳಿತು, ಉಳಿದ ಜಾಗದಲ್ಲಿ ಒಂದು ನೀಲಿ ಚೀಲವನ್ನೂ ಊಟದ ಡಬ್ಬಿಯನ್ನೂ ಅಡ್ಡ ಇಟ್ಟರು.

ರೈಲು ಹೊರಟಿತು, ತಂಗಿ ಬರಲಿಲ್ಲ. ಮುಂದಿನ ನಿಲ್ದಾಣ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಪೊಟ್ಟಣಗಳನ್ನು ಹಿಡಿದ ಮೂವರು ಗಂಡಸರು ಹತ್ತಿದರು. ಆಕೆ ಕೈಯೆತ್ತಿ ‘ಇಲ್ಲಿ, ಇಲ್ಲಿ!’ ಎಂದು ಕೂಗಿ, ಚೀಲ ತೆಗೆದು, ಅವರನ್ನು ಕೂರಿಸಿದರು. ಬರಬೇಕಾಗಿದ್ದವರು ಇವರೇ ಎಂದು ಆ ಕ್ಷಣದಲ್ಲಿ ಅರ್ಥವಾಯಿತು. ತಂಗಿ ಎಂಬ ಜೀವವೇ ಇರಲಿಲ್ಲ! ಇರಲಿಲ್ಲ ಎಂಬುದು ಅವರ ನಾಲ್ವರ ಮುಖದಲ್ಲಿಯೂ ಸ್ಪಷ್ಟವಾಗಿತ್ತು.

‘ನಿಮ್ಮ ತಂಗಿ ಎಲ್ಲಿ?’ ಎಂದು ಕೇಳಿದೆ. ‘ಬರ್ತೀನಿ ಅಂದಿದ್ಲು, ಬರಲಿಲ್ಲ, ಅದಕ್ಕೆ ನಾನೇನು ಮಾಡಲಿ?’ ಎಂಬ ಉತ್ತರ ಬಂತು. ಹಾಗಿದ್ದರೆ ಅಮ್ಮನಿಗೆ ಕಿಟಕಿಯ ಜಾಗ ಬಿಟ್ಟುಕೊಡಿ ಎಂದಾಗ ಅವರಲ್ಲೊಬ್ಬ, ‘ಜನರಲ್ ಬೋಗಿ ಯಾರಪ್ಪನ ಸೊತ್ತೂ ಅಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದ. ಒಂದು ನಿಮಿಷದ ಹಿಂದೆ ಚೀಲವಿಟ್ಟು ಸೀಟು ಕಾದವರ ಮಾತಿದು! ಅಷ್ಟು ಕಷ್ಟವಾದರೆ ಕಾರು ಮಾಡಿಕೊಂಡು ಹೋಗಿ ಎಂದೂ ಹೇಳಿದರು. ಸುತ್ತಲಿನವರು ಮಾತ್ರ ನನ್ನನ್ನೇ ಸೀಟಿಗಾಗಿ ಜಗಳವಾಡುವವನಂತೆ ನೋಡಿದ್ದು ಈಗಲೂ ಮನಸ್ಸನ್ನು ಚುಚ್ಚುತ್ತಿದೆ.

ಮುಂದಿನದು ಇನ್ನೂ ಕೆಟ್ಟದಾಗಿತ್ತು. ಕಪ್ಪು ಕನ್ನಡಕ ಹಾಕಿದ್ದ ಅಮ್ಮ ಮೂವರ ಬೆಂಚಿನಲ್ಲಿ ಐದನೆಯವರಾಗಿ ಅರ್ಧ ಸೀಟಿನಲ್ಲಿ ಕಂಬಿ ಹಿಡಿದು ಕುಳಿತಿದ್ದರು. ಪಕ್ಕದವನ ಎಲೆಯಿಂದ ಚಟ್ನಿ ಅವರ ಸೆರಗಿನ ಮೇಲೆ ಬಿತ್ತು. ತಿಂದ ಎಲೆ ಸೀಟಿನ ಕೆಳಗೆ ಹೋಯಿತು, ಮೊಬೈಲಿನ ಸ್ಪೀಕರ್ ದೊಡ್ಡದಾಯಿತು. ಶಬ್ದ ಕಡಿಮೆ ಮಾಡಿ ಎಂದು ಅಮ್ಮನೇ ಕೇಳಿದರೂ ‘ಇಳಿಯೋವರೆಗೆ ತಾನೇ, ಅಜ್ಜಿ’ ಎಂದು ನಕ್ಕರು. ಯಶವಂತಪುರದವರೆಗೂ ಅದೇ ಗದ್ದಲ. ಇವರು ದಿನವೂ ಓಡಾಡುವವರು, ಇದು ಇವರ ಅಭ್ಯಾಸ ಎಂದು ಬಾಗಿಲ ಬಳಿ ನಿಂತಿದ್ದ ವಿದ್ಯಾರ್ಥಿಯೊಬ್ಬ ಇಳಿಯುವಾಗ ಹೇಳಿದ.

ಕಾಯ್ದಿರಿಸದ ಬೋಗಿಯಲ್ಲಿ ಚೀಲವಿಟ್ಟು ಸೀಟು ಹಿಡಿಯುವ ಹಕ್ಕು ಯಾರಿಗೂ ಇಲ್ಲ. ರೈಲಿನಲ್ಲಿ ಉಪದ್ರವ ಕೊಡುವವರನ್ನು, ಅವಾಚ್ಯವಾಗಿ ಮಾತನಾಡುವವರನ್ನು 1989ರ ರೈಲ್ವೆ ಕಾಯ್ದೆಯ 145ನೇ ಕಲಮಿನಡಿ ರೈಲಿನಿಂದ ಇಳಿಸಬಹುದು. ಪಾಸು ಮುಟ್ಟುಗೋಲಾಗುತ್ತದೆ, 6 ತಿಂಗಳವರೆಗೆ ಜೈಲು ಮತ್ತು 500 ರೂಪಾಯಿವರೆಗೆ ದಂಡವೂ ಇದೆ. ಅವರೊಡನೆ ವಾದಕ್ಕಿಳಿದರೆ ನಿಮ್ಮ ಮರ್ಯಾದೆಯೇ ಹೋಗುತ್ತದೆ. ಹತ್ತುವಾಗಲೇ ಬೋಗಿಯ ಹೊರಗೆ ಬರೆದಿರುವ ಸಂಖ್ಯೆಯನ್ನು ಗುರುತು ಹಾಕಿಕೊಂಡು, ರೈಲು ಓಡುತ್ತಿರುವಾಗಲೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.