ವಿರೆಫ್ ಪಿನ್ನಿಗೆ ಯಾವ ಕರೆ ಸರಿ? ಲಿನಕ್ಸ್ ಸೆನ್ಸರ್ ಡ್ರೈವರ್‌ನಲ್ಲಿ ನಾಲ್ಕು ವಿಧಾನಗಳ ಹೋಲಿಕೆ

ನಾನು ಪರೀಕ್ಷೆಗೆ ಇಟ್ಟುಕೊಂಡದ್ದು 12 ಬಿಟ್‌ನ ಒಂದು ಎಡಿಸಿ ಚಿಪ್, ಅಂದರೆ ವೋಲ್ಟೇಜನ್ನು ಸಂಖ್ಯೆಯಾಗಿಸುವ ಚಿಪ್. ಅದಕ್ಕೆ ವಿಡಿಡಿ (ಚಿಪ್ಪನ್ನು ಓಡಿಸುವ ವಿದ್ಯುತ್ತು) ಮತ್ತು ವಿರೆಫ್ (ಅಳತೆಗೆ ಆಧಾರವಾಗುವ ರೆಫರೆನ್ಸ್ ವೋಲ್ಟೇಜ್) ಎಂಬ ಎರಡು ಪೂರೈಕೆಗಳಿವೆ. ವಿಡಿಡಿ ಇಲ್ಲದಿದ್ದರೆ ಚಿಪ್ ಕೆಲಸವನ್ನೇ ಮಾಡುವುದಿಲ್ಲ. ವಿರೆಫ್ ಹಾಗಲ್ಲ; ಒಳಗೇ 2.5 ವೋಲ್ಟ್‌ನ ರೆಫರೆನ್ಸ್ ಇರುವುದರಿಂದ ಆ ಪಿನ್ನಿಗೆ ಏನನ್ನೂ ಕೊಡದೆ ಬಿಡಬಹುದು, ಹೊರಗಿನ ಮೂಲವೊಂದನ್ನು ಜೋಡಿಸಿದರೆ ಅದು ಒಳಗಿನದನ್ನು ಬದಿಗೊತ್ತಿ ತಾನೇ ರೆಫರೆನ್ಸ್ ಆಗುತ್ತದೆ. ನನ್ನ ಬೋರ್ಡಿನಲ್ಲಿ 3 ವೋಲ್ಟ್‌ನ ಮೂಲ ಜೋಡಿಸಲಾಗಿತ್ತು. ಯಾವುದು ಬಳಕೆಯಲ್ಲಿದೆ ಎಂದು ತಿಳಿಸುವ ರಿಜಿಸ್ಟರ್ ಚಿಪ್ಪಿನಲ್ಲಿಲ್ಲ. ಡ್ರೈವರ್ ಅದನ್ನು ಡಿವೈಸ್ ಟ್ರೀಯಿಂದಲೇ, ಅಂದರೆ ಬೋರ್ಡಿನಲ್ಲಿ ಏನೇನು ಹೇಗೆ ಜೋಡಿಸಿದೆ ಎಂದು ಕರ್ನಲ್‌ಗೆ ತಿಳಿಸುವ ವಿವರಣೆಯಿಂದಲೇ, ತಿಳಿಯಬೇಕು.

ಮೊದಲು ಎರಡೂ ಪೂರೈಕೆಗಳಿಗೆ ಸಾಮಾನ್ಯವಾದ ‘ರೆಗ್ಯುಲೇಟರ್_ಗೆಟ್’ ಕರೆಯನ್ನೇ ಬಳಸಿದೆ; ರೆಗ್ಯುಲೇಟರ್ ಎಂದರೆ ವೋಲ್ಟೇಜನ್ನು ಒದಗಿಸುವ ಘಟಕ. ಡಿವೈಸ್ ಟ್ರೀಯಲ್ಲಿ ಪೂರೈಕೆಯ ಹೆಸರಿಲ್ಲದಿದ್ದರೂ ಈ ಕರೆ ಸೋಲುವುದಿಲ್ಲ. ಪೂರೈಕೆ ಸಿಗಲಿಲ್ಲ, ಡಮ್ಮಿ (ಹೆಸರಿಗಷ್ಟೇ ಇರುವ) ರೆಗ್ಯುಲೇಟರ್ ಬಳಸುತ್ತಿದ್ದೇನೆ ಎಂಬ ಒಂದು ಸಾಲನ್ನು ಲಾಗ್‌ಗೆ ಬರೆದು ಮುಂದೆ ಹೋಗುತ್ತದೆ. ವಿಡಿಡಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ, ಏಕೆಂದರೆ ಅಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ, ಡಿವೈಸ್ ಟ್ರೀ ಬರೆದವರು ಅದನ್ನು ನಮೂದಿಸಿಲ್ಲ ಅಷ್ಟೇ. 2022ರ ಕೊನೆಯಲ್ಲಿ ಬಂದ 6.1 ಕರ್ನಲ್‌ನಿಂದ ಈಚೆಗೆ ‘ಡೆವ್‌ಎಂ_ರೆಗ್ಯುಲೇಟರ್_ಗೆಟ್_ಎನೇಬಲ್’ ಎಂಬ ಒಂದೇ ಕರೆಯಲ್ಲಿ ಪಡೆಯುವುದು, ಚಾಲೂ ಮಾಡುವುದು ಮತ್ತು ಕೊನೆಗೆ ಬಿಡುವುದು ಎಲ್ಲವೂ ಮುಗಿಯುತ್ತದೆ. ಆದರೆ ವಿರೆಫ್ ವಿಷಯದಲ್ಲಿ ನಮಗೆ ಬೇಕಾದದ್ದು ವೋಲ್ಟೇಜಿನ ಅಂಕಿ. ಡಮ್ಮಿಗೆ ಅಂಥ ಅಂಕಿ ಇಲ್ಲದ್ದರಿಂದ ಕೇಳಿದಾಗ -22 ಬಂತು. ಅದು ‘ತಪ್ಪು ಆರ್ಗ್ಯುಮೆಂಟ್’ ಎಂಬ ಅರ್ಥದ ಸಂಖ್ಯೆ. ಪೂರೈಕೆ ಇಲ್ಲವೆಂದೋ ನನ್ನ ಕರೆಯೇ ತಪ್ಪೆಂದೋ ಅದರಿಂದ ಗೊತ್ತಾಗುವುದಿಲ್ಲ.

ಎರಡನೆಯದು ‘ರೆಗ್ಯುಲೇಟರ್_ಗೆಟ್_ಆಪ್ಷನಲ್’. ಪೂರೈಕೆ ನಮೂದಾಗಿಲ್ಲದಿದ್ದರೆ ಇದು ಡಮ್ಮಿಯನ್ನು ಕೊಡದೆ ‘ಅಂಥ ಸಾಧನವಿಲ್ಲ’ ಎಂಬ ಅರ್ಥದ -19 ಎಂದು ನೇರವಾಗಿ ಹೇಳುತ್ತದೆ. ಹೆಸರು ಮಾತ್ರ ಅನೇಕರನ್ನು ದಾರಿ ತಪ್ಪಿಸಿದೆ, ನನ್ನನ್ನೂ ಸೇರಿಸಿ. ಇಲ್ಲಿ ‘ಆಪ್ಷನಲ್’ ಎಂದರೆ ಡಿವೈಸ್ ಟ್ರೀಯಲ್ಲಿ ಬರೆಯುವುದು ಐಚ್ಛಿಕ ಎಂದಲ್ಲ, ಆ ಪಿನ್ನಿಗೆ ತಂತಿಯೇ ಇಲ್ಲದೆಯೂ ಚಿಪ್ ಓಡಬಲ್ಲದು ಎಂದು. ಈ ವ್ಯತ್ಯಾಸ ತಿಳಿಯದೆ ವಿಡಿಡಿಗೂ ಆಪ್ಷನಲ್ ಬಳಸಿದ ಕೋಡನ್ನು ನಾನು ಹಿಂದೆ ಬರೆದಿದ್ದೇನೆ.

ಈ ವಿಧಾನದ ನಿಜವಾದ ತೊಡಕು ತಪ್ಪು ಸಂಖ್ಯೆಗಳನ್ನು ಬೇರ್ಪಡಿಸುವುದರಲ್ಲಿದೆ. ನನ್ನ ಮೊದಲ ಪ್ರತಿಯಲ್ಲಿ ‘ಯಾವುದೇ ದೋಷ ಬಂದರೂ ಒಳಗಿನ 2.5 ವೋಲ್ಟ್ ಎಂದು ತಿಳಿ’ ಎಂದು ಬರೆದಿದ್ದೆ. 5.10 ಕರ್ನಲ್ ಇದ್ದ ಹಳೆಯ ಬೋರ್ಡಿನಲ್ಲಿ, ರೆಗ್ಯುಲೇಟರ್‌ನ ಡ್ರೈವರನ್ನು ಮಾಡ್ಯೂಲ್ (ಆಮೇಲೆ ಬೇರೆಯಾಗಿ ಲೋಡ್ ಆಗುವ ಭಾಗ) ಆಗಿ ಇಟ್ಟಿದ್ದಾಗ, ಎಡಿಸಿಗೆ 1.5 ವೋಲ್ಟ್ ಕೊಟ್ಟು ಓದಿದೆ. ರಾ ಮೌಲ್ಯ, ಅಂದರೆ ಚಿಪ್ ಕೊಟ್ಟ ಮೂಲ ಸಂಖ್ಯೆ, ಸರಿಯಾಗಿಯೇ 2048 ಬಂತು. ಸ್ಕೇಲ್ (ಒಂದು ಹಂತಕ್ಕೆ ಎಷ್ಟು ಮಿಲಿವೋಲ್ಟ್ ಎಂಬುದು) ಮಾತ್ರ 0.732ರ ಬದಲು 0.610 ಎಂದಿತ್ತು, ಹೀಗಾಗಿ ಲೆಕ್ಕ 1.25 ವೋಲ್ಟ್‌ಗೆ ಬಂದು ನಿಂತಿತು. ಮೀಟರನ್ನೇ ಅನುಮಾನಿಸಿ ಬ್ಯಾಟರಿ ಬದಲಿಸಿದ್ದೂ ಆಯಿತು. ನಡೆದದ್ದಿಷ್ಟು: ರೆಗ್ಯುಲೇಟರ್ ಇನ್ನೂ ನೋಂದಣಿಯಾಗಿರಲಿಲ್ಲ, ಕರ್ನಲ್ ‘ಆಮೇಲೆ ಬಾ’ ಎಂಬ ಅರ್ಥದ -517 ಕೊಟ್ಟಿತ್ತು, ನನ್ನ ಕೋಡ್ ಅದನ್ನು ‘ಇಲ್ಲ’ ಎಂದು ಓದಿಕೊಂಡಿತ್ತು. ಲಾಗ್‌ನಲ್ಲಿ ಒಂದಕ್ಷರವೂ ಇರಲಿಲ್ಲ.

ಇದೇ ಕೋಡನ್ನು 6.12ರಲ್ಲಿ ಓಡಿಸಿದರೆ ದೋಷ ಕಾಣುವುದಿಲ್ಲ. 5.13ರಿಂದ ಡಿವೈಸ್ ಟ್ರೀಯ ಅವಲಂಬನೆಗಳನ್ನು ಕರ್ನಲ್ ತಾನೇ ಗಮನಿಸಿ, ಪೂರೈಕೆದಾರ ಸಿದ್ಧವಾಗುವವರೆಗೆ ನಮ್ಮ ಪ್ರೋಬನ್ನು (ಡ್ರೈವರ್ ಸಾಧನವನ್ನು ಸಜ್ಜುಗೊಳಿಸುವ ಫಂಕ್ಷನ್ನನ್ನು) ಕರೆಯುವುದೇ ಇಲ್ಲ. ಬೂಟ್ ಸಾಲಿನಲ್ಲಿ ‘ಎಫ್‌ಡಬ್ಲ್ಯು_ಡೆವ್‌ಲಿಂಕ್=ಆಫ್’ ಎಂದು ಬರೆದೊಡನೆ ಅದೇ 1.25 ಮತ್ತೆ ಬಂತು. ಹೊಸ ಕರ್ನಲ್‌ನಲ್ಲಿ ಮಾತ್ರ ಪರೀಕ್ಷಿಸುವವರಿಗೆ ಈ ತಪ್ಪು ಸಿಗುವ ಸಾಧ್ಯತೆ ಕಡಿಮೆ. -19 ಒಂದನ್ನು ಮಾತ್ರ ‘ಇಲ್ಲ’ ಎಂದು ಒಪ್ಪಿ, ಉಳಿದದ್ದನ್ನೆಲ್ಲ ‘ಡೆವ್_ಎರ್_ಪ್ರೋಬ್’ ಮೂಲಕ ಹಿಂದಕ್ಕೆ ಕಳಿಸಿದ ಮೇಲೆ ಎರಡೂ ಕಡೆ 1.5 ಸರಿಯಾಗಿ ಬಂತು.

ಮೂರನೆಯದಾಗಿ, ಡಿವೈಸ್ ಟ್ರೀಯಲ್ಲಿ ‘ವಿರೆಫ್-ಸಪ್ಲೈ’ ಎಂಬ ಪ್ರಾಪರ್ಟಿ ಇದೆಯೇ ಎಂದು ಮೊದಲೇ ನೋಡಿ, ಇದ್ದರೆ ಮಾತ್ರ ಸಾಮಾನ್ಯ ಕರೆ ಮಾಡಿದೆ. ಇದು ಕೆಲಸ ಮಾಡುತ್ತದೆ, -517 ಕೂಡ ಸರಿಯಾಗಿ ಹಿಂದಿರುಗುತ್ತದೆ. ಆದರೆ ಬೋರ್ಡ್ ಕೋಡಿನಲ್ಲಿ ಪೂರೈಕೆಯನ್ನು ಜೋಡಿಸಿದ್ದರೆ ಇದಕ್ಕೆ ಕಾಣುವುದಿಲ್ಲ, ರೆಗ್ಯುಲೇಟರ್ ಪದರ ತಾನೇ ಮಾಡುವ ಹುಡುಕಾಟವನ್ನು ನಾವು ಇನ್ನೊಮ್ಮೆ ಅರ್ಧಂಬರ್ಧ ಮಾಡಿದಂತಾಗುತ್ತದೆ. ನಾನು ಇದನ್ನು ಬೇಗ ಕೈಬಿಟ್ಟೆ.

ನಾಲ್ಕನೆಯದು 2024ರ 6.10 ಕರ್ನಲ್‌ನಲ್ಲಿ ಬಂದ ‘ಡೆವ್‌ಎಂ_ರೆಗ್ಯುಲೇಟರ್_ಗೆಟ್_ಎನೇಬಲ್_ರೀಡ್_ವೋಲ್ಟೇಜ್’. ಹೆಸರನ್ನು ಟೈಪ್ ಮಾಡುವುದಷ್ಟೇ ಕಷ್ಟ. ಒಳಗೆ ಆಪ್ಷನಲ್ ಕರೆಯನ್ನೇ ಬಳಸುವುದರಿಂದ ಪೂರೈಕೆ ಇಲ್ಲದಿದ್ದರೆ -19 ಬರುತ್ತದೆ. ಇದ್ದರೆ ಮೈಕ್ರೋವೋಲ್ಟ್ ಲೆಕ್ಕದಲ್ಲಿ ಅಂಕಿ, ನನ್ನ ಬೋರ್ಡಿನಲ್ಲಿ 3000000. ಪಡೆದು, ಚಾಲೂ ಮಾಡಿ, ನಿಲ್ಲಿಸುವ ಕ್ರಿಯೆಯನ್ನು ನೋಂದಾಯಿಸಿ, ವೋಲ್ಟೇಜ್ ಓದಿ, ಪ್ರತಿ ಹಂತದಲ್ಲೂ ದೋಷ ನೋಡುತ್ತಿದ್ದ ಎರಡು ಡಜನ್ ಸಾಲುಗಳು ಐದಕ್ಕೆ ಇಳಿದವು. ಆದರೆ ರೆಗ್ಯುಲೇಟರ್‌ನ ಹಿಡಿ (ಹ್ಯಾಂಡಲ್) ನಮ್ಮ ಕೈಗೆ ಸಿಗುವುದಿಲ್ಲ. ಬ್ಯಾಟರಿಯಲ್ಲಿ ಓಡುವ ಸಾಧನವೊಂದು ನಿದ್ರೆಗೆ ಹೋಗುವಾಗ ರೆಫರೆನ್ಸನ್ನು ಆರಿಸಬೇಕೆಂದರೆ ಎರಡನೆಯ ವಿಧಾನಕ್ಕೇ ಮರಳಬೇಕು.

ಈಗ ನನ್ನ ಡ್ರೈವರ್‌ನಲ್ಲಿ ವಿಡಿಡಿಗೆ ‘ಗೆಟ್_ಎನೇಬಲ್’, ವಿರೆಫ್‌ಗೆ ನಾಲ್ಕನೆಯ ಕರೆ ಉಳಿದಿವೆ. ಆ ಕರೆಯೇ ಇಲ್ಲದ 5.10 ಬೋರ್ಡಿಗಾಗಿ ಮಾತ್ರ ಆಪ್ಷನಲ್ ಇರುವ ಪ್ರತಿಯೊಂದನ್ನು ಬೇರೆ ಶಾಖೆಯಲ್ಲಿ ಇಟ್ಟುಕೊಂಡಿದ್ದೇನೆ.